ಮುಂದಿದ್ದವನಿಗೆ ಗಾಳಿ, ಹಿಂದಿದ್ದವನಿಗೆ ಪದಕ

ಆಳಂದ ತಾಲ್ಲೂಕಿನ ಸರಸಂಬಾದ ಕಡೆ ಆಷಾಢದಲ್ಲಿ ಸೈಕಲ್ ತುಳಿದವರಿಗೆ ಗಾಳಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಯಲು ಸೀಮೆಯ ಹೊಲಗಳ ಮೇಲೆ ಪಶ್ಚಿಮದಿಂದ ನುಗ್ಗುವ ಮುಂಗಾರು ಗಾಳಿಗೆ ತಡೆ ಕಡಿಮೆ. ಇಬ್ಬರು ಜೊತೆಯಾಗಿ ಹೊರಟರೆ ಒಬ್ಬ ತಾನಾಗಿಯೇ ಇನ್ನೊಬ್ಬನ ಹಿಂದೆ ಸರಿಯುತ್ತಾನೆ. ಸೈಕಲ್ ಪಂದ್ಯದ ತಂತ್ರಗಾರಿಕೆಯೆಲ್ಲ ಹುಟ್ಟಿದ್ದು ಈ ಸಣ್ಣ ಉಪಾಯದಿಂದ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಅವನ ಹಿಂಬದಿ ಚಕ್ರಕ್ಕೆ ಅಂಟಿಕೊಂಡು ಬರುವವನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಹೀಗಾಗಿ ಒಬ್ಬನೇ ಎಷ್ಟೇ ಬಲಶಾಲಿಯಾದರೂ ಸರದಿಯಂತೆ ಎಳೆಯುವ ನಾಲ್ವರ ಮುಂದೆ ಸೋಲುವುದೇ ಹೆಚ್ಚು.

ಆದರೆ ಈ ಸಹಕಾರವನ್ನು ಹಿಂದೆ ಅಪರಾಧವೆಂದೇ ಬಗೆಯಲಾಗಿತ್ತು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಆರಂಭಿಸಿದ ಪತ್ರಿಕಾ ಸಂಪಾದಕ ಹೆನ್ರಿ ದೆಗ್ರಾಂಜ್‌ಗೆ ಪಂದ್ಯವೆಂದರೆ ಒಂಟಿ ಮನುಷ್ಯನ ಹೋರಾಟ. 1911ರಲ್ಲಿ ಗೆಲ್ಲುವ ಆಸೆ ಕಳೆದುಕೊಂಡಿದ್ದ ಮಾರಿಸ್ ಬ್ರೊಕೊ ಇನ್ನೊಬ್ಬ ಸವಾರನಿಗೆ ನೆರವಾದಾಗ ದೆಗ್ರಾಂಜ್ ಅವನನ್ನು 'ಮನೆಯಾಳು' ಎಂದು ಜರೆದ. ಕೆರಳಿದ ಬ್ರೊಕೊ ಮುಂದಿನ ಪರ್ವತ ಹಂತದಲ್ಲಿ ಎಲ್ಲರನ್ನೂ ಹಿಂದಿಕ್ಕಿದ. ಇಷ್ಟು ತಾಕತ್ತಿದ್ದವನು ಹಿಂದೆ ಬೇಕೆಂದೇ ನಿಧಾನಿಸಿದ್ದ ಎಂದು ದೆಗ್ರಾಂಜ್ ಅವನನ್ನು ಹೊರಗಟ್ಟಿದ. 'ಡೊಮೆಸ್ಟಿಕ್' ಎಂಬ ಆ ಬೈಗುಳವೇ ಮುಂದೆ ನಾಯಕನಿಗಾಗಿ ದುಡಿಯುವ ಸವಾರನ ಗೌರವದ ಹೆಸರಾಯಿತು.

1930ರಲ್ಲಿ ಅದೇ ದೆಗ್ರಾಂಜ್ ರಾಷ್ಟ್ರೀಯ ತಂಡಗಳ ಪದ್ಧತಿ ತಂದ. 1934ರಲ್ಲಿ 20 ವರ್ಷದ ರೆನೆ ವಿಯೆಟ್ಟೊ ನಾಯಕ ಆಂಟೊನಿನ್ ಮಾನ್ಯನಿಗೆ ತನ್ನ ಚಕ್ರವನ್ನೇ ಬಿಚ್ಚಿಕೊಟ್ಟು ಗೋಡೆಯ ಮೇಲೆ ಕಣ್ಣೀರಿಡುತ್ತ ಕುಳಿತ. ಟೂರ್ ಗೆದ್ದವನು ಮಾನ್ಯ. ಜನ ಮರೆಯದೆ ಉಳಿದವನು ವಿಯೆಟ್ಟೊ.

ಭೀಮಾ ನದಿಯ ಆಚೆಗಿನ ವಿಜಯಪುರ ಜಿಲ್ಲೆ ಮತ್ತು 1997ರಲ್ಲಿ ಅದರಿಂದ ಬೇರ್ಪಟ್ಟ ಬಾಗಲಕೋಟೆ ಕರ್ನಾಟಕದ ಸೈಕ್ಲಿಂಗಿನ ತವರು. ಕ್ರೀಡಾ ಇಲಾಖೆಯ ನಿಲಯಗಳಲ್ಲಿದ್ದು ಬೆಳೆದ ಇಲ್ಲಿನ ಹಳ್ಳಿ ಮಕ್ಕಳು ರಾಷ್ಟ್ರೀಯ ಕೂಟಗಳಲ್ಲಿ ರಾಜ್ಯಕ್ಕೆ ಪದಕ ತಂದಿದ್ದಾರೆ. ಹೊಲದ ದಾರಿಯಲ್ಲಿ ಕಲಿತ ತುಳಿತಕ್ಕೆ ಇಲ್ಲಿ ಶಿಸ್ತು ಬರುತ್ತದೆ.

ಒಗ್ಗಟ್ಟು ಕಲಿಸಲು ತಂಡದ ಟೈಮ್ ಟ್ರಯಲ್‌ಗಿಂತ ಒಳ್ಳೆಯ ಪಾಠಶಾಲೆಯಿಲ್ಲ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ 100 ಕಿ.ಮೀ. ಸ್ಪರ್ಧೆಯಲ್ಲಿ ನಾಲ್ವರು ಹೊರಟರೂ ಲೆಕ್ಕಕ್ಕೆ ಬರುತ್ತಿದ್ದುದು ಮೂರನೆಯವನ ಸಮಯ. ಅಂದರೆ ಒಬ್ಬ ಸೋತು ಹಿಂದುಳಿಯಬಹುದು, ಇಬ್ಬರು ಉಳಿದರೆ ಕೆಲಸ ಕೆಟ್ಟಿತು. ಮುಂದಿದ್ದವನು ತನ್ನ ಸರದಿ ಮುಗಿಸಿ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಸೇರಿಕೊಳ್ಳಬೇಕು. ಹೊಸಬರು ಮಾಡುವ ತಪ್ಪು ಒಂದೇ: ಮುಂದೆ ಬಂದ ಕೂಡಲೇ ಹುರುಪಿನಿಂದ ವೇಗ ಏರಿಸುತ್ತಾರೆ, ಸಾಲು ಹರಿದುಹೋಗುತ್ತದೆ. ಗಾಳಿ ಅಡ್ಡ ಬೀಸಿದರೆ ನೇರ ಸಾಲೂ ಪ್ರಯೋಜನಕ್ಕೆ ಬಾರದು. ಓರೆಯಾಗಿ ಹರಡಿಕೊಂಡು ಓಡಿಸಬೇಕು. ರಸ್ತೆಯ ಅಗಲ ಮುಗಿದ ಮೇಲೆ ಉಳಿದವರು ಅಂಚಿನಲ್ಲಿ ಗಾಳಿಗೆ ಸಿಕ್ಕಿ ಸವೆಯುತ್ತಾರೆ.

ಬೆಂಗಳೂರಿನಲ್ಲಿ ಈ ವಿದ್ಯೆ ಬೇರೆ ದಾರಿಯಲ್ಲಿ ಬಂತು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ನ ನಂತರ ಕಚೇರಿ ನೌಕರರು ಸೈಕಲ್ ಏರಿದರು, ಕ್ಲಬ್ಬುಗಳು ಹುಟ್ಟಿದವು. ಇಲ್ಲಿಂದ ಹೊರಟ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ರೋಡ್ ಚಾಂಪಿಯನ್‌ಷಿಪ್‌ವರೆಗೂ ಹೋದರು. ಆದರೆ ಹವ್ಯಾಸಿ ಪಂದ್ಯಗಳಲ್ಲಿ ಒಂದೇ ಜರ್ಸಿ ತೊಟ್ಟವರೂ ಹಲವು ಸಲ ಒಬ್ಬರ ಮೇಲೊಬ್ಬರು ಪೈಪೋಟಿಗಿಳಿಯುತ್ತಾರೆ. ಗೆಳೆಯ ಮುನ್ನುಗ್ಗಿದಾಗ ಅವನನ್ನು ಬೆನ್ನಟ್ಟದೆ ಸುಮ್ಮನಿರುವುದೂ ಆಟವೇ ಎಂದು ಅರ್ಥವಾಗಲು ಕಾಲ ಬೇಕು.

ಬಡ ಮನೆಯ ಹುಡುಗನಿಗೆ ಈ ತ್ಯಾಗ ಇನ್ನೂ ದುಬಾರಿ. ಪದಕವೆಂದರೆ ಅವನಿಗೆ ಪ್ರಮಾಣಪತ್ರ, ಪ್ರಮಾಣಪತ್ರವೆಂದರೆ ಕ್ರೀಡಾ ಕೋಟಾದಡಿ ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ನೌಕರಿ. ತಂಡದ ಸ್ಪರ್ಧೆಯಲ್ಲಿ ಎಲ್ಲರ ಕೊರಳಿಗೂ ಪದಕ ಬೀಳುತ್ತದೆ. ಸಾಮೂಹಿಕ ರಸ್ತೆ ಓಟದಲ್ಲಿ 80 ಕಿ.ಮೀ. ಗಾಳಿಗೆ ಎದೆಯೊಡ್ಡಿ ಎಳೆದವನು ಫಲಿತಾಂಶದ ಪಟ್ಟಿಯಲ್ಲಿ ಮೂವತ್ತನೆಯವನು. ಅವನು ಏನು ಮಾಡಿದ ಎಂಬುದು ಆ ಪಟ್ಟಿಯನ್ನು ನೋಡಿದ ಅಧಿಕಾರಿಗೆ ತಿಳಿಯುವುದಿಲ್ಲ. ಹಾಗಿರುವಾಗ 'ತಂಡಕ್ಕಾಗಿ ದುಡಿ' ಎಂಬ ಉಪದೇಶಕ್ಕೆ ಬೆಲೆ ಬರುವುದು, ಇಂದು ಎಳೆದವನಿಗೆ ನಾಳೆ ಗೆಲ್ಲುವ ಸರದಿ ನಿಜವಾಗಿಯೂ ಸಿಕ್ಕಾಗ ಮಾತ್ರ.

ದೆಗ್ರಾಂಜ್‌ಗೆ ಈ ಲೆಕ್ಕ ಒಪ್ಪಿಗೆಯಾಗಲು ಸುಮಾರು 3 ದಶಕ ಹಿಡಿಯಿತು. ಎದುರು ಗಾಳಿಯಲ್ಲಿ ಜೊತೆಯಾಗಿ ಶಾಲೆಗೆ ಹೊರಟ ಇಬ್ಬರು ಹುಡುಗರಿಗೆ ಅರ್ಧ ದಾರಿ ಸಾಕು: ಸ್ವಲ್ಪ ಹೊತ್ತು ನೀನು ಮುಂದೆ, ಸ್ವಲ್ಪ ಹೊತ್ತು ನಾನು.