ಐವತ್ತು ವರ್ಷದ ಸಂಬಳ

ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದಿದ್ದಾಗ ಒಂದು ಮನವಿ ಬರೆದೆ. ಮೂರು ಸಲ ತಿದ್ದಿದೆ. ಪ್ರತಿ ಸಲವೂ ಸ್ವರ ಮೆತ್ತಗಾಯಿತು. ಅದೇ ವಾರ ದೆನಿ ದಿದೆರೋನ ಪತ್ರಗಳನ್ನು ಓದುತ್ತಿದ್ದೆ.

ಫ್ರೆಂಚ್ ವಿಶ್ವಕೋಶದ ಸಂಪಾದಕನಾಗಿದ್ದ ಆತ ಮಗಳ ವರದಕ್ಷಿಣೆಗೆಂದು ತನ್ನ ಪುಸ್ತಕಗಳನ್ನು ಮಾರಲು ಹೊರಟಿದ್ದ. ಗೆಳೆಯ ಗ್ರಿಮ್ ರಷ್ಯಾದ ಆಸ್ಥಾನಕ್ಕೆ ಬರೆದ. 1765ರಲ್ಲಿ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ 15,000 ಲಿವ್ರ್ ಕೊಟ್ಟು ಕೊಂಡಳು. ಆದರೆ ಪುಸ್ತಕಗಳು ಬದುಕಿರುವತನಕ ಆತನ ಬಳಿಯೇ ಇರಲಿ ಎಂದಳು. ತನ್ನದೇ ಪುಸ್ತಕಗಳಿಗೆ ಆತ ಗ್ರಂಥಪಾಲಕ. ವರ್ಷಕ್ಕೆ 1,000 ಲಿವ್ರ್ ಸಂಬಳ. ಮರುವರ್ಷ ಸಂಬಳ ತಡವಾಯಿತು. ಇನ್ನು ಹಾಗಾಗದಿರಲೆಂದು ಆಕೆ 50 ವರ್ಷದ್ದನ್ನು ಒಮ್ಮೆಗೇ ಕಳಿಸಿದಳು. (ನನ್ನ ಮನವಿಗೆ ಉತ್ತರವೇ ಬಂದಿರಲಿಲ್ಲ.)

ಇಷ್ಟು ಋಣವಿದ್ದವನು ಪತ್ರದಲ್ಲಿ ಹೊಗಳದೆ ಏನು ಮಾಡಿಯಾನು? ಬರವಣಿಗೆಗಾಗಿ 1749ರಲ್ಲಿ ಮೂರು ತಿಂಗಳು ವಿನ್ಸೆನ್ ಕೋಟೆಯಲ್ಲಿ ಸೆರೆಯಿದ್ದವನು ಆತ. ಆಮೇಲೆ ಬರೆದ ಎಷ್ಟೋ ಕೃತಿಗಳನ್ನು ಪ್ರಕಟಿಸದೆ ಪೆಟ್ಟಿಗೆಯಲ್ಲೇ ಇಟ್ಟುಕೊಂಡ. ಹೊಗಳಿಕೆಯ ಪತ್ರಗಳನ್ನಷ್ಟೇ ಓದಿದರೆ ಆತ ಸಂಬಳಕ್ಕೆ ಬಾಗಿದವನಂತೆ ಕಾಣುತ್ತಾನೆ. ನಾನೂ ಮೊದಲು ಹಾಗೆಯೇ ಟಿಪ್ಪಣಿ ಮಾಡಿಕೊಂಡಿದ್ದೆ.

1773ರಲ್ಲಿ ಪೀಟರ್ಸ್‌ಬರ್ಗಿಗೆ ಹೋಗಿ ಐದು ತಿಂಗಳು ಆಕೆಯೊಡನೆ ಮಾತಾಡಿದ. ಮರಳುವಾಗ ಹೇಗ್ ನಗರದಲ್ಲಿ ತಂಗಿ, ಕಾನೂನು ಸುಧಾರಣೆಗೆಂದು ಆಕೆ 1767ರಲ್ಲಿ ಹೊರಡಿಸಿದ್ದ ‘ನಕಾಜ್’ಗೆ ಟಿಪ್ಪಣಿ ಬರೆದ. ಜನತೆಯೇ ನಿಜವಾದ ಸಾರ್ವಭೌಮ, ಜನರೇ ನಿಜವಾದ ಶಾಸನಕರ್ತರು ಎಂದು ಆರಂಭ. ರಷ್ಯಾದ ಸಾಮ್ರಾಜ್ಞಿ ನಿರಂಕುಶಳೇ ಸರಿ ಎಂದೂ ಬರೆದ. ಜೀತದ ಬಗ್ಗೆಯೂ ಸುಮ್ಮನಿರಲಿಲ್ಲ. ಲೇಖನಿ ಹಿಡಿದು ನಕಾಜ್ ಮತ್ತೆ ಓದುವ ಉದ್ಧಟತನ ಮಾಡಿದ್ದೇನೆಂದು ಆಕೆಗೆ ಪತ್ರದಲ್ಲಿ ಸುಳಿವು ಕೊಟ್ಟ. ಟಿಪ್ಪಣಿ ಮಾತ್ರ ಕಳಿಸಲಿಲ್ಲ.

ಉಂಡ ಮನೆಗೆ ಎರಡು ಬಗೆದನೇ? ನನಗೆ ಹಾಗನ್ನಿಸುವುದಿಲ್ಲ. ಹೆದರಿದ್ದ, ನಿಜ. ಆದರೆ ಸುಡಲೂ ಇಲ್ಲ. ತನ್ನ ಕಾಲಾನಂತರ ಪುಸ್ತಕಗಳ ಜೊತೆ ಹಸ್ತಪ್ರತಿಗಳೂ ಎಲ್ಲಿಗೆ ಹೋಗುತ್ತವೆಂಬುದು ಆತನಿಗೆ ಗೊತ್ತಿತ್ತು.

1784ರ ಜುಲೈನಲ್ಲಿ ದಿದೆರೋ ತೀರಿಕೊಂಡ. ಮರುವರ್ಷ ಗಂಟು ಪೀಟರ್ಸ್‌ಬರ್ಗ್ ತಲುಪಿತು. ತಾನೇ ದುಡ್ಡು ಕೊಟ್ಟು ಕೊಂಡಿದ್ದ ಸಂಗ್ರಹದಲ್ಲಿ ಕ್ಯಾಥರೀನ್ ಆ ಟಿಪ್ಪಣಿ ಓದಿದಳು. ಇದು ಬರೀ ಹರಟೆ, ಲೋಕಜ್ಞಾನವಿಲ್ಲದವನ ಮಾತು ಎಂಬರ್ಥದಲ್ಲಿ ಸಿಟ್ಟಿನಿಂದ ಗ್ರಿಮ್‌ಗೆ ಬರೆದಳು. ಆಕೆ ಕೊಟ್ಟಿದ್ದ ಮುಂಗಡದಲ್ಲಿ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷದ ಸಂಬಳ ಉಳಿದಿತ್ತು.