ಹರಾಜಾದ ಮನೆಗೆ ಹೊಣೆ ಯಾರು?

ನಮ್ಮಲ್ಲಿ ಮನೆಯನ್ನೋ ಸೈಟನ್ನೋ ಕೊಳ್ಳುವವರು ಮೂಲ ಪತ್ರ ಹುಡುಕಿಸುತ್ತಾರೆ, ಇಸಿ ತೆಗೆಸುತ್ತಾರೆ, ವಕೀಲರ ಅಭಿಪ್ರಾಯ ಬರೆಸಿಕೊಳ್ಳುತ್ತಾರೆ. ಇಷ್ಟಾದ ಮೇಲೂ ಹಕ್ಕಿನ ತಕರಾರು ಎದ್ದರೆ ಕೋರ್ಟಿಗೆ ಅಲೆಯುವುದು ಕೊಂಡವರ ಪಾಡು. ಅಮೆರಿಕದಲ್ಲಿ ಈ ಹೊಣೆ ಹೊರುವುದಕ್ಕೆಂದೇ ಒಂದು ಉದ್ಯಮವಿದೆ, ಟೈಟಲ್ ಇನ್ಶೂರೆನ್ಸ್. ಅಲ್ಲಿ ಸಾಲ ಮಾಡಿ ಮನೆ ಕೊಂಡ ಕನ್ನಡಿಗರಲ್ಲಿ ಬಹುತೇಕರು ಅದಕ್ಕೆ ಹಣ ತೆತ್ತಿರುತ್ತಾರೆ. 2010ರಲ್ಲಿ ಬ್ಯಾಂಕುಗಳು ಜಪ್ತಿ ಮಾಡಿದ ಮನೆಗಳ ಕಾಗದಪತ್ರ ಬಿಚ್ಚಿ ನೋಡಿದಾಗ, ಹೊಣೆ ಹೊರಬೇಕಾದ ಈ ಕಂಪನಿಗಳೇ ಹಿಂದೆ ಸರಿದವು.

ಈ ವಿಮೆ ಹುಟ್ಟಿದ್ದೂ ಒಂದು ತಪ್ಪು ಪರಿಶೀಲನೆಯಿಂದಲೇ. ಪೆನ್ಸಿಲ್ವೇನಿಯಾದಲ್ಲಿ ಒಬ್ಬರು ಆಸ್ತಿ ಕೊಂಡರು. ಅದರ ಮೇಲೆ ಹಳೆಯ ಋಣಭಾರವೊಂದಿತ್ತು. ಪತ್ರ ಪರಿಶೀಲಿಸಿದವನು ಅದನ್ನು ಕಂಡಿದ್ದರೂ ವಕೀಲರ ಮಾತು ನಂಬಿ ಬಾಧಕವಲ್ಲವೆಂದು ಬಿಟ್ಟುಬಿಟ್ಟಿದ್ದ. 1868ರ ವಾಟ್ಸನ್–ಮ್ಯೂರ್‌ಹೆಡ್ ತೀರ್ಪಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಅದು ಪರಿಣತರ ಸಲಹೆಯ ಮೇಲೆ ನಡೆದ ತಪ್ಪು, ಹಾಗಾಗಿ ಅವನು ಹೊಣೆಗಾರನಲ್ಲ ಎಂದಿತು. ಯಾರೂ ಹೊಣೆಯಾಗದೆ ನಷ್ಟವೆಲ್ಲ ಕೊಂಡವನದಾಯಿತು. ಇದಕ್ಕೆ ಉತ್ತರವಾಗಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ವಿಮಾ ಕಂಪನಿ ಆರಂಭವಾಯಿತು.

ಉಳಿದ ವಿಮೆಗಳು ಮುಂದೆ ಆಗಬಹುದಾದ ಬೆಂಕಿ, ಅಪಘಾತ, ಸಾವಿಗೆ ಸಂಬಂಧಿಸಿದವು. ಟೈಟಲ್ ವಿಮೆಯ ಕಣ್ಣು ಆಗಿಹೋದದ್ದರ ಮೇಲೆ. ಮನೆ ಕೊಳ್ಳುವ ದಿನ ಒಂದೇ ಕಂತು. ಆ ದಿನದ ತನಕ ಹಕ್ಕಿನ ಸರಪಳಿಯಲ್ಲಿ ಅಡಗಿರುವ ದೋಷಕ್ಕೆ ಕಂಪನಿ ಹೊಣೆ. ಕಂತಿನ ಬಹುಪಾಲು ದಾಖಲೆ ಹುಡುಕುವುದಕ್ಕೆ ಮತ್ತು ಏಜೆಂಟರಿಗೆ ಹೋಗುತ್ತದೆ, ಪರಿಹಾರವಾಗಿ ಹೋಗುವುದು ಸಣ್ಣ ಪಾಲು. ಅಂದರೆ ಈ ಉದ್ಯಮ ನಿಂತಿರುವುದು ನೋಂದಣಿ ಕಚೇರಿಯ ದಾಖಲೆ ನೆಟ್ಟಗಿದೆ ಎಂಬ ನಂಬಿಕೆಯ ಮೇಲೆ.

ಆ ನಂಬಿಕೆ ಸಡಿಲವಾದದ್ದು ತೊಂಬತ್ತರ ದಶಕದಲ್ಲಿ. ಬ್ಯಾಂಕುಗಳು ಮನೆಸಾಲಗಳನ್ನು ಸಾವಿರಗಟ್ಟಲೆ ಒಟ್ಟುಗೂಡಿಸಿ, ಟ್ರಸ್ಟುಗಳಿಗೆ ವರ್ಗಾಯಿಸಿ, ಹೂಡಿಕೆದಾರರಿಗೆ ಮಾರುವುದು ಆಗ ಹೆಚ್ಚಿತು. ಒಂದೊಂದು ಸಾಲವೂ ಮೂರು ನಾಲ್ಕು ಕೈ ದಾಟುತ್ತಿತ್ತು. ಪ್ರತಿ ಬಾರಿ ಅಡಮಾನದ ವರ್ಗಾವಣೆಯನ್ನು ನೋಂದಾಯಿಸುವ ಖರ್ಚನ್ನೂ ತಡವನ್ನೂ ತಪ್ಪಿಸಲು 1995ರಲ್ಲಿ ಮರ್ಸ್ ಎಂಬ ಖಾಸಗಿ ವಿದ್ಯುನ್ಮಾನ ದಾಖಲೆ ಸಂಸ್ಥೆ ಕಟ್ಟಿದರು. ಸರ್ಕಾರಿ ದಾಖಲೆಯಲ್ಲಿ ಅಡಮಾನ ಮರ್ಸ್ ಹೆಸರಿನಲ್ಲೇ ಉಳಿಯುತ್ತಿತ್ತು. ಸಾಲ ಮಾತ್ರ ಕೈಯಿಂದ ಕೈಗೆ ಸಾಗುತ್ತಿತ್ತು. ಕ್ರಮೇಣ ಸುಮಾರು 6 ಕೋಟಿ ಸಾಲಗಳು ಹೀಗೆ ಅದರ ಹೆಸರಿಗೆ ಬಂದವು. ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ, ಮರ್ಸ್‌ನ ಪಾಲುದಾರರಲ್ಲಿ ದೊಡ್ಡ ಟೈಟಲ್ ವಿಮಾ ಕಂಪನಿಗಳೂ ಇದ್ದವು. ದಾಖಲೆಯ ಕಾವಲಿಗೆ ನಿಂತವರೇ ಸಾರ್ವಜನಿಕ ದಾಖಲೆಯನ್ನು ಬರಿದು ಮಾಡುವ ವ್ಯವಸ್ಥೆಗೆ ಕೈಜೋಡಿಸಿದ್ದರು.

2007ರಿಂದ ಸಾಲಗಳು ಮುರಿದುಬಿದ್ದು ಜಪ್ತಿಗಳು ಲಕ್ಷಗಟ್ಟಲೆ ಏರಿದವು. ಜಪ್ತಿಗೆ ಹೊರಟವರಿಗೆ ತಮಗೆ ಆ ಹಕ್ಕಿದೆಯೆಂದು ತೋರಿಸುವ ಪತ್ರ ಬೇಕಲ್ಲ? ಎಷ್ಟೋ ಕಡೆ ಅದು ಇರಲಿಲ್ಲ. ಇದ್ದರೂ ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ತಯಾರಿಸಿದರು. ಮನೆಸಾಲ ನಿರ್ವಹಿಸುತ್ತಿದ್ದ ಜಿಎಂಎಸಿ ಸಂಸ್ಥೆಯ ನೌಕರನೊಬ್ಬ ತಿಂಗಳಿಗೆ ಸುಮಾರು 10,000 ದಾಖಲೆಗಳಿಗೆ, ಒಳಗಿನ ವಿವರವನ್ನು ಸ್ವತಃ ಪರಿಶೀಲಿಸದೆ, ಸಹಿ ಹಾಕುತ್ತಿದ್ದೆ ಎಂದು ಪ್ರಮಾಣ ಮಾಡಿ ಹೇಳಿದ. ಬ್ಯಾಂಕುಗಳಿಗೆ ಇಂಥ ಪತ್ರ ತಯಾರಿಸಿಕೊಡುತ್ತಿದ್ದ ಜಾರ್ಜಿಯಾದ ಡಾಕ್‌ಎಕ್ಸ್ ಕಂಪನಿಯಲ್ಲಿ ಒಬ್ಬ ನೌಕರಳ ಹೆಸರಿನಲ್ಲಿ ಹಲವು ಜನ ಹಲವು ಬಗೆಯ ಅಕ್ಷರದಲ್ಲಿ ಸಹಿ ಹಾಕಿದ್ದರು. ಈ ಪಿಡುಗಿಗೆ ‘ರೋಬೋ ಸಹಿ’ ಎಂಬ ಹೆಸರು ಬಿತ್ತು.

2010ರ ಸೆಪ್ಟೆಂಬರಿನಲ್ಲಿ ಜಿಎಂಎಸಿ 23 ರಾಜ್ಯಗಳಲ್ಲಿ ಮನೆ ಖಾಲಿ ಮಾಡಿಸುವುದನ್ನು ನಿಲ್ಲಿಸಿತು. ಅಕ್ಟೋಬರ್ ಮೊದಲಲ್ಲಿ ಓಲ್ಡ್ ರಿಪಬ್ಲಿಕ್ ಟೈಟಲ್ ಕಂಪನಿ, ಜಿಎಂಎಸಿ ಜಪ್ತಿ ಮಾಡಿದ ಮನೆಗಳಿಗೆ ಪಾಲಿಸಿ ಕೊಡಬೇಡಿ ಎಂದು ತನ್ನ ಏಜೆಂಟರಿಗೆ ತಿಳಿಸಿತು. ಕೆಲವೇ ದಿನಗಳಲ್ಲಿ ಬ್ಯಾಂಕ್ ಆಫ್ ಅಮೆರಿಕಾ 50 ರಾಜ್ಯಗಳಲ್ಲೂ ಜಪ್ತಿ ಮಾರಾಟ ತಡೆಹಿಡಿಯಿತು. ವಿಮೆ ಇಲ್ಲದ ಮನೆಗೆ ಯಾವ ಬ್ಯಾಂಕೂ ಸಾಲ ಕೊಡದು. ಸಾಲವಿಲ್ಲದೆ ಕೊಳ್ಳುವವರು ಬಾರರು. ಮಾರುಕಟ್ಟೆಯೇ ನಿಂತುಹೋಗುವ ಭಯ. ಆಗ ಫಿಡೆಲಿಟಿ ನ್ಯಾಷನಲ್ ಎಂಬ ಟೈಟಲ್ ವಿಮಾ ಕಂಪನಿ ಬ್ಯಾಂಕ್ ಆಫ್ ಅಮೆರಿಕಾದೊಡನೆ ಒಂದು ಒಪ್ಪಂದ ಮಾಡಿಕೊಂಡಿತು: ಜಪ್ತಿಯ ಲೋಪದಿಂದ ನಷ್ಟ ಬಂದರೆ ಬ್ಯಾಂಕೇ ತುಂಬಿಕೊಡಬೇಕು. ಇಲ್ಲಿ ದೋಷ ತಿದ್ದಿದ್ದು ಏನೂ ಇರಲಿಲ್ಲ. ದೋಷ ಮಾಡಿದವರ ಜಾಮೀನಿನ ಮೇಲೆ ವಿಮೆ ಮುಂದುವರಿಯಿತು, ಅಷ್ಟೆ.

ನಿಜವಾದ ಪೆಟ್ಟು ಬಿದ್ದದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿ ಕೋರ್ಟಿಗೆ ಹೋಗದೆಯೇ ಅಡಮಾನದ ಮನೆಯನ್ನು ಹರಾಜು ಹಾಕಬಹುದು; ಆದರೆ ಕಾನೂನಿನ ಅಕ್ಷರ ತಪ್ಪುವಂತಿಲ್ಲ. ಸ್ಪ್ರಿಂಗ್‌ಫೀಲ್ಡ್ ಊರಿನ ಎರಡು ಮನೆಗಳು 2007ರ ಜುಲೈ 5ರಂದು ಹರಾಜಾಗಿದ್ದವು. ಟ್ರಸ್ಟುಗಳ ಪರವಾಗಿ ಯು.ಎಸ್. ಬ್ಯಾಂಕ್ ಮತ್ತು ವೆಲ್ಸ್ ಫಾರ್ಗೋ ತಾವೇ ಹರಾಜು ಹಾಕಿ, ತಾವೇ ಕೊಂಡಿದ್ದವು. ತಮ್ಮ ಹಕ್ಕನ್ನು ಖಚಿತಪಡಿಸಿ ಎಂದು ಕೋರ್ಟಿಗೆ ಹೋದದ್ದೂ ಅವೇ. ಮೊದಲಿದ್ದ ಪ್ರಶ್ನೆ, ಬಾಸ್ಟನ್ ಪತ್ರಿಕೆಯಲ್ಲಿ ಕೊಟ್ಟ ಹರಾಜಿನ ನೋಟಿಸು ಸ್ಪ್ರಿಂಗ್‌ಫೀಲ್ಡ್‌ಗೆ ಸಾಲುತ್ತದೆಯೇ ಎಂಬಷ್ಟೇ. ಆದರೆ ಪತ್ರ ನೋಡಿದರೆ, ಆ ಬ್ಯಾಂಕುಗಳಿಗೆ ಅಡಮಾನವನ್ನು ವರ್ಗಾಯಿಸಿ ಬರೆದುಕೊಟ್ಟಿದ್ದೇ 2008ರಲ್ಲಿ, ಹರಾಜಾದ ಮೇಲೆ. 2011ರ ಜನವರಿ 7ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಹರಾಜಿನ ದಿನ ಅಡಮಾನ ಕೈಯಲ್ಲಿಲ್ಲದವರು ಹಾಕಿದ ಹರಾಜು ಅಸಿಂಧು ಎಂದಿತು. ಹೆಸರಿನ ಜಾಗ ಖಾಲಿ ಬಿಟ್ಟು ಬರೆದ ವರ್ಗಾವಣೆ ಪತ್ರ ನಡೆಯದು ಎಂದಿತು. ತೀರ್ಪು ಮುಂದಿನ ಹರಾಜುಗಳಿಗೆ ಮಾತ್ರ ಅನ್ವಯಿಸಲಿ ಎಂಬ ಕೋರಿಕೆಯನ್ನೂ ಒಪ್ಪಲಿಲ್ಲ. ಇದು ಹೊಸ ಕಾನೂನಲ್ಲ, ಹಳೆಯದೇ ಎಂಬುದು ಕಾರಣ. ಇಬಾನೆಜ್ ತೀರ್ಪೆಂದು ಹೆಸರಾದದ್ದು ಇದು.

ಅದೇ ವರ್ಷದ ಅಕ್ಟೋಬರಿನ ಬೆವಿಲಾಕ್ವಾ ತೀರ್ಪು ಇನ್ನೂ ನೋವಿನದು. ಇಂಥದ್ದೇ ಅಸಿಂಧು ಹರಾಜಿನ ಬಳಿಕ ಹಣ ಕೊಟ್ಟು ಕೊಂಡ ಮೂರನೆಯವರ ಕಥೆ ಅದು. ಇಲ್ಲದ ಹಕ್ಕನ್ನು ಬ್ಯಾಂಕು ಮಾರಲಾರದು, ಆದ್ದರಿಂದ ಕೊಂಡವರ ಕೈಗೂ ಏನೂ ಬಂದಿಲ್ಲ ಎಂದು ಕೋರ್ಟು ಹೇಳಿತು. ತರ್ಕ ಸರಿಯಾಗಿದೆ, ನಾನದನ್ನು ಒಪ್ಪುತ್ತೇನೆ. ಆದರೆ ಟೈಟಲ್ ವಿಮೆ ಕೆಲಸಕ್ಕೆ ಬರಬೇಕಾದದ್ದು ಇಂಥ ಹೊತ್ತಿನಲ್ಲೇ. ಎಷ್ಟೋ ಮಂದಿಯ ಹತ್ತಿರ ಇದ್ದದ್ದು ಸಾಲ ಕೊಟ್ಟವರನ್ನು ಕಾಯುವ ಪಾಲಿಸಿ ಮಾತ್ರ. ಮಾಲೀಕರ ಪಾಲಿಸಿ ಬೇರೆ, ಅದಕ್ಕೆ ಬೇರೆಯೇ ಹಣ. ಅದಿದ್ದವರಿಗೂ ಪರಿಹಾರ ಪಾಲಿಸಿಯ ಮೊತ್ತದವರೆಗೆ ಮಾತ್ರ, ಮನೆಯ ಬದಲಿಗೆ ಹಣ.

ಆಮೇಲಿನದು ತೇಪೆ ಹಾಕಿದ ಕಾಲ. ಮರ್ಸ್ 2011ರಲ್ಲಿ ತನ್ನ ಹೆಸರಿನಲ್ಲಿ ಜಪ್ತಿ ಮಾಡುವುದನ್ನು ನಿಲ್ಲಿಸಿತು. 2012ರಲ್ಲಿ 49 ರಾಜ್ಯಗಳು ಐದು ದೊಡ್ಡ ಬ್ಯಾಂಕುಗಳೊಡನೆ 2,500 ಕೋಟಿ ಡಾಲರಿನ ರಾಜಿ ಮಾಡಿಕೊಂಡವು; ಅದರಲ್ಲಿ ಮನೆ ಕಳೆದುಕೊಂಡು ಅರ್ಜಿ ಹಾಕಿದವರಿಗೆ ತಲಾ ಸುಮಾರು 1,480 ಡಾಲರ್ ಬಂತು. ಫ್ಲಾರಿಡಾ 2013ರ ಕಾಯ್ದೆಯಲ್ಲಿ, ಮೂರನೆಯವರು ಕೊಂಡಾಗಿದ್ದರೆ ಹಳೆಯ ಮಾಲೀಕರು ಹಣ ಕೇಳಬಹುದೇ ಹೊರತು ಮನೆಯನ್ನಲ್ಲ ಎಂಬ ದಾರಿ ಹಿಡಿಯಿತು. ಮ್ಯಾಸಚೂಸೆಟ್ಸ್ 2015ರಲ್ಲಿ ಹರಾಜನ್ನು ಪ್ರಶ್ನಿಸಲು ಮೂರು ವರ್ಷದ ಗಡುವು ಇಟ್ಟಿತು. ಹಳೆಯ ಮಾಲೀಕರು ಅದೇ ಮನೆಯಲ್ಲಿ ಬಿಡದೆ ವಾಸವಿದ್ದರೆ ಗಡುವು ಅನ್ವಯಿಸದು. ಎರಡರಲ್ಲಿ ನನಗೆ ನ್ಯಾಯವೆನಿಸುವುದು ಮ್ಯಾಸಚೂಸೆಟ್ಸ್ ದಾರಿ. ಕೊಂಡವರನ್ನೂ ಕಾದು, ಬೀದಿಗೆ ಬೀಳಬೇಕಿದ್ದ ಮಾಲೀಕರನ್ನೂ ಮರೆಯದ ಕಾನೂನು ಅದು.

ಅಮೆರಿಕದಲ್ಲಿ ಬ್ಯಾಂಕು ಹರಾಜು ಹಾಕಿದ ಮನೆ ಅಗ್ಗಕ್ಕೆ ಸಿಗುತ್ತದೆಂದು ಹೊರಟಿರುವ ನಮ್ಮವರೇ, ಸಹಿ ಹಾಕುವ ಮೊದಲು ಮಾಲೀಕರ ಪಾಲಿಸಿ ಕೇಳಿ ಪಡೆಯಿರಿ. ಅದರ ‘ಶೆಡ್ಯೂಲ್ ಬಿ’ ಪುಟವನ್ನು ಪೂರ್ತಿ ಓದಿ. ಹಿಂದಿನ ಜಪ್ತಿಯ ಲೋಪಗಳನ್ನು ಹೊರಗಿಟ್ಟಿದ್ದರೆ ಆ ಸಾಲು ಇರುವುದು ಅಲ್ಲಿಯೇ.