ಕೈತಿರುವಿನ ಬ್ರಿಡ್ಜ್‌ನಿಂದ ಫೀಡ್‌ಬ್ಯಾಕ್ ಸರ್ಕೀಟಿಗೆ: ನಡುಗಿವಿ ಪರೀಕ್ಷೆ ಸ್ವಯಂಚಾಲಿತವಾದ ಬಗೆ

ಮುಂಬಯಿಯಲ್ಲಿ ಶ್ರವಣ ಪರೀಕ್ಷೆ ಎಂದರೆ ನಾಯರ್ ಆಸ್ಪತ್ರೆಯೋ, ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೋ ನೆನಪಾಗುತ್ತದೆ. ಪವಾಯಿ ಯಾರಿಗೂ ನೆನಪಾಗುವುದಿಲ್ಲ. ಆದರೆ ಅಲ್ಲಿನ ಐಐಟಿಯ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಪಿ. ಸಿ. ಪಾಂಡೆ ಶ್ರವಣ ಸಾಧನಗಳಿಗಾಗಿ ಮಾತಿನ ಸಂಸ್ಕರಣೆಯ ಮೇಲೆ ಬಹುಕಾಲ ಕೆಲಸ ಮಾಡಿದ್ದಾರೆ. ಅಲ್ಲಿನ ಎಂ.ಟೆಕ್. ವಿದ್ಯಾರ್ಥಿಗಳು ಆಡಿಯೋಮೆಟ್ರಿಯ ಸರ್ಕೀಟುಗಳನ್ನು ಸೆಮಿನಾರಿನ ವಿಷಯವಾಗಿ ಎತ್ತಿಕೊಂಡದ್ದೂ ಉಂಟು. ಇದರಲ್ಲಿ ಅಚ್ಚರಿಯಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ‘ಇಂಪಿಡೆನ್ಸ್ ಟೆಸ್ಟ್’ ಎಂದು ಚೀಟಿ ಬರೆದುಕೊಡುವ ಪರೀಕ್ಷೆಯ ಚರಿತ್ರೆ ವೈದ್ಯರದ್ದು ಎಷ್ಟೋ, ವಿದ್ಯುತ್ ಇಂಜಿನಿಯರುಗಳದ್ದೂ ಅಷ್ಟೇ. ಅದು ಸ್ವಯಂಚಾಲಿತವಾದದ್ದು ಗುಂಡಿ ಒತ್ತಿದರೆ ಕಾಗದ ಹೊರಬರುವಂತಾದ ದಿನ ಅಲ್ಲ, ಪರೀಕ್ಷಕನ ಕೈ ಮಾಡುತ್ತಿದ್ದ ಕೆಲಸವನ್ನು ಒಂದು ಫೀಡ್‌ಬ್ಯಾಕ್ ಸರ್ಕೀಟು ವಹಿಸಿಕೊಂಡಾಗ ಎಂಬುದು ಈ ಲೇಖನದ ವಾದ.

ಇಂಪಿಡೆನ್ಸ್, ಅಂದರೆ ಹರಿವಿಗೆ ಎದುರಾಗುವ ಒಟ್ಟು ತಡೆ, ಎಂಬ ಪರಿಕಲ್ಪನೆಯನ್ನು ವಿದ್ಯುತ್ ಶಾಸ್ತ್ರಕ್ಕೆ ಕೊಟ್ಟವನು ಆಲಿವರ್ ಹೆವಿಸೈಡ್, 1886ರಲ್ಲಿ. ಮುಂದೆ ಎ. ಜಿ. ವೆಬ್‌ಸ್ಟರ್ ಅದನ್ನು ಧ್ವನಿಗೆ ಅನ್ವಯಿಸಿದ. ರೋಗಿಗಳ ಕಿವಿಯಲ್ಲಿ ಅದನ್ನು ವ್ಯವಸ್ಥಿತವಾಗಿ ಅಳೆದ ಶ್ರೇಯಸ್ಸು ಡೆನ್ಮಾರ್ಕಿನ ಒಟ್ಟೊ ಮೆಟ್ಸ್‌ಗೆ ಸೇರಬೇಕು. ಅವನ ಪ್ರಬಂಧ ಪ್ರಕಟವಾದದ್ದು 1946ರಲ್ಲಿ. ಅವನ ಉಪಕರಣ ಒಂದು ಯಾಂತ್ರಿಕ ಬ್ರಿಡ್ಜ್, ತಕ್ಕಡಿಯ ಹಾಗೆ: ಒಂದು ಕಡೆ ರೋಗಿಯ ಕಿವಿ, ಇನ್ನೊಂದು ಕಡೆ ಹೊಂದಿಸಬಲ್ಲ ಕೃತಕ ಭಾರ. ಎರಡೂ ಸಮನಾದಾಗ ಸದ್ದು ಅಡಗುತ್ತದೆ. ಅದು ಅಡಗಿತೇ ಎಂದು ಹೇಳಬೇಕಾದದ್ದು ಪರೀಕ್ಷಕನ ಕಿವಿಯೇ. ಇಂಥ ಸಾಧನ ಪ್ರಯೋಗಾಲಯದಿಂದ ಆಚೆಗೆ ಹೆಚ್ಚು ಹಬ್ಬದಿದ್ದುದು ಸಹಜ.

ಮುಂದಿನ ಹೆಜ್ಜೆಯೂ ಡೆನ್ಮಾರ್ಕಿನದೇ. ಟೆರ್ಕಿಲ್ಡ್‌ಸೆನ್ ಮತ್ತು ಥಾಮ್ಸೆನ್ 1959ರಲ್ಲಿ ಕಿವಿಯ ಕಾಲುವೆಯಲ್ಲಿ ಗಾಳಿಯ ಒತ್ತಡವನ್ನು ಏರಿಳಿಸಿ, ಕಿವಿತಮಟೆಯ ಇಂಪಿಡೆನ್ಸ್ ಹೇಗೆ ಬದಲಾಗುತ್ತದೆಂದು ತೋರಿಸಿದರು. ತಮಟೆಯ ಎರಡೂ ಬದಿಯ ಒತ್ತಡ ಸಮವಾದಾಗ ಅದು ಅತ್ಯಂತ ಸಡಿಲವಾಗಿರುತ್ತದೆ, ಧ್ವನಿಯನ್ನು ಹೆಚ್ಚು ಒಳಬಿಡುತ್ತದೆ. ಹಾಗಾಗಿ ಒತ್ತಡಕ್ಕೆ ಎದುರಾಗಿ ಈ ಸಡಿಲತೆಯ ರೇಖೆ ಎಳೆದರೆ, ಹೊರಗಿನಿಂದ ಯಾವ ಒತ್ತಡ ಕೊಟ್ಟಾಗ ಅದರ ಶಿಖರ ಕಾಣುತ್ತದೋ, ನಡುಗಿವಿಯ ಒಳಗಿನ ಒತ್ತಡ ಸರಿಸುಮಾರು ಅಷ್ಟೇ. ಸೂಜಿ ಚುಚ್ಚದೆ ಮುಚ್ಚಿದ ಕೋಣೆಯೊಳಗಿನ ಒತ್ತಡ ತಿಳಿಯುವ ಈ ಉಪಾಯಕ್ಕೆ ಸಾಟಿಯಾದದ್ದು ಕಿವಿಯ ವೈದ್ಯಕೀಯದಲ್ಲಿ ವಿರಳ. 1960ರ ದಶಕದಲ್ಲಿ ಮ್ಯಾಡ್ಸೆನ್ ಕಂಪನಿ ಇದನ್ನು ಯಂತ್ರವಾಗಿ ಮಾರುಕಟ್ಟೆಗೆ ತಂದಿತು. ಶ್ರವಣತಜ್ಞ ಜೇಮ್ಸ್ ಜರ್ಗರ್ 1970ರಲ್ಲಿ ಈ ರೇಖೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ: ಶಿಖರ ಸೊನ್ನೆಯ ಬಳಿ ಇದ್ದರೆ ಎ, ಶಿಖರವೇ ಇಲ್ಲದೆ ಚಪ್ಪಟೆಯಾದರೆ ಬಿ, ಋಣ ಒತ್ತಡದತ್ತ ಸರಿದರೆ ಸಿ. ಇಂದಿಗೂ ವರದಿಗಳಲ್ಲಿ ಈ ಅಕ್ಷರಗಳೇ ಓಡಾಡುತ್ತವೆ.

ಆ ಕಾಲದ ಯಂತ್ರಗಳಲ್ಲೂ ಮೀಟರಿನ ಮುಳ್ಳನ್ನು ನಡುವಿಗೆ ತರಲು ತಿರುಗಣೆ ತಿರುಗಿಸಬೇಕಿತ್ತು. ಅದನ್ನು ತಪ್ಪಿಸಿದ್ದು ಸ್ವಯಂಚಾಲಿತ ಗೇನ್ ನಿಯಂತ್ರಣ. ಕಿವಿಗೆ ಬಿಗಿಯಾಗಿ ಕೂರುವ ಪ್ರೋಬ್‌ನಲ್ಲಿ ಮೂರು ಕೊಳವೆಗಳಿವೆ: ಒಂದು ಪುಟ್ಟ ಸ್ಪೀಕರಿಗೆ, ಒಂದು ಮೈಕಿಗೆ, ಒಂದು ಗಾಳಿಯ ಪಂಪಿಗೆ. ಸ್ಪೀಕರು 226 ಹರ್ಟ್ಸ್‌ನ ನಾದ ಬಿಡುತ್ತದೆ. ತಮಟೆ ಸಡಿಲವಾಗಿ ಧ್ವನಿಯನ್ನು ಒಳಗೆಳೆದುಕೊಂಡರೆ ಕಾಲುವೆಯಲ್ಲಿ ಸದ್ದು ತಗ್ಗುತ್ತದೆ. ಮೈಕು ಅದನ್ನು ಗ್ರಹಿಸಿದೊಡನೆ ಸರ್ಕೀಟು ಸ್ಪೀಕರಿಗೆ ಹೆಚ್ಚು ವೋಲ್ಟೇಜ್ ಕೊಟ್ಟು ಸದ್ದನ್ನು ಮೊದಲಿನ ಮಟ್ಟಕ್ಕೆ, ಸಾಮಾನ್ಯವಾಗಿ 85 ಡೆಸಿಬೆಲ್‌ಗೆ, ಎತ್ತುತ್ತದೆ. ಹೀಗೆ ಕೊಡಬೇಕಾಗಿ ಬಂದ ವೋಲ್ಟೇಜೇ ಅಳತೆ. ಪಂಪು ಒತ್ತಡವನ್ನು +200 ಡೆಕಾಪಾಸ್ಕಲ್‌ನಿಂದ ಋಣದತ್ತ ಇಳಿಸುತ್ತಾ ಹೋದಂತೆ ರೇಖೆ ತಾನಾಗಿ ಮೂಡುತ್ತದೆ. +200ರಲ್ಲಿ ತಮಟೆ ಸೆಟೆದು ನಿಂತಿರುವುದರಿಂದ ಆಗ ಸಿಗುವ ಅಂಕಿ ಬರೀ ಕಾಲುವೆಯ ಗಾಳಿಯದು. ಅದನ್ನು ಕಳೆದರೆ ಉಳಿಯುವುದು ನಡುಗಿವಿಯದು.

226 ಎಂಬ ವಿಚಿತ್ರ ಸಂಖ್ಯೆಯ ಹಿಂದೆ ಒಂದು ಅನುಕೂಲವಿದೆ. ಸಮುದ್ರಮಟ್ಟದಲ್ಲಿ ಆ ಆವರ್ತನಕ್ಕೆ 1 ಮಿಲಿಲೀಟರ್ ಗಾಳಿಯ ಅಡ್ಮಿಟೆನ್ಸ್ (ಇಂಪಿಡೆನ್ಸಿನ ವಿಲೋಮ, ಧ್ವನಿಯನ್ನು ಒಳಬಿಡುವ ಗುಣ) ಸರಿಯಾಗಿ 1 ಮಿಲಿಮೋ. ಹಾಗಾಗಿ ತಮಟೆಯ ಸಡಿಲತೆಯನ್ನೂ ಮಿಲಿಲೀಟರಿನಲ್ಲೇ ಬರೆಯಬಹುದು. ಆದರೆ ಈ ಸಮೀಕರಣ ವಾಯುಭಾರಕ್ಕೆ ಕಟ್ಟುಬಿದ್ದದ್ದು. ಸಮುದ್ರಮಟ್ಟಕ್ಕೆ ಹತ್ತಿರದ ಪವಾಯಿಯಲ್ಲಿ ತೊಡಕಿಲ್ಲ. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಮುಂಬಯಿಯಲ್ಲಿ ಹೊಂದಿಸಿದ ಯಂತ್ರವನ್ನು ಮರುಹೊಂದಿಸದೆ ಅಲ್ಲಿಗೆ ಒಯ್ದರೆ 2 ಮಿಲಿಲೀಟರಿನ ಪರೀಕ್ಷಾ ಕುಹರ ಸುಮಾರು 2.2 ಎಂದು ತೋರುತ್ತದೆ. ಚಪ್ಪಟೆ ರೇಖೆಯ ಜೊತೆ ಕಾಲುವೆಯ ಗಾತ್ರ ದೊಡ್ಡದಾಗಿ ಕಂಡರೆ ತಮಟೆಯಲ್ಲಿ ತೂತಿದೆ ಎಂದು, ಸಾಮಾನ್ಯವಾಗಿ ಕಂಡರೆ ಒಳಗೆ ದ್ರವ ತುಂಬಿದೆ ಎಂದು ಓದುವುದು ರೂಢಿಯಾದ್ದರಿಂದ ಗಡಿಯಲ್ಲಿರುವ ಅಂಕಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಂಪಿಡೆನ್ಸ್ ಟೆಸ್ಟ್‌ನ ಇನ್ನೊಂದು ಭಾಗವಾದ ರಿಫ್ಲೆಕ್ಸ್ ಪರೀಕ್ಷೆಯಲ್ಲಿಯೂ ಅದೇ ಪ್ರೋಬ್, ಅದೇ ನಾದ. ಗಟ್ಟಿ ಸದ್ದು ಕೇಳಿದಾಗ ಸ್ಟೇಪಿಡಿಯಸ್ ಸ್ನಾಯು ರಿಕಾಪು ಮೂಳೆಯನ್ನು ಎಳೆದು ನಡುಗಿವಿಯ ಮೂಳೆಗಳ ಸರಪಳಿಯನ್ನು ಬಿಗಿ ಮಾಡುತ್ತದೆ. ಕಿವಿಯ ವೈದ್ಯ ಲ್ಯೂಷರ್ 1929ರಲ್ಲಿ ತೂತಾದ ತಮಟೆಯ ಮೂಲಕ ಈ ಸೆಳೆತವನ್ನು ಕಣ್ಣಾರೆ ನೋಡಿದ್ದ. ಯಂತ್ರ ನೋಡುವುದು ಅಡ್ಮಿಟೆನ್ಸಿನ ಇಳಿಕೆಯನ್ನು. ಸದ್ದು ಶ್ರವಣ ನರದಿಂದ ಮೆದುಳಿನ ಕಾಂಡಕ್ಕೆ ಹೋಗಿ, ಮುಖದ ನರದ ಮೂಲಕ ಎರಡೂ ಕಿವಿಗಳ ಸ್ನಾಯುವಿಗೆ ಮರಳುವುದರಿಂದ ಒಂದು ಪುಟ್ಟ ಇಳಿಕೆ ಇಡೀ ದಾರಿಯ ಬಗ್ಗೆ ಸಾಕ್ಷಿ ನುಡಿಯುತ್ತದೆ. ಸ್ವಯಂಚಾಲಿತ ಯಂತ್ರ ಸದ್ದನ್ನು ಹಂತಹಂತವಾಗಿ ಏರಿಸಿ, ಇಳಿಕೆ 0.02 ಅಥವಾ 0.03 ಮಿಲಿಲೀಟರ್ ದಾಟಿದ ಮಟ್ಟವನ್ನು ಹೊಸ್ತಿಲೆಂದು ಅಚ್ಚು ಮಾಡುತ್ತದೆ.

ನನಗೆ ತಕರಾರಿರುವುದು ಇಲ್ಲಿಯೇ. ಒತ್ತಡದ ರೇಖೆಯನ್ನು ಯಂತ್ರ ಕೈಗಿಂತ ಚೆನ್ನಾಗಿ ಎಳೆಯುತ್ತದೆ, ಅದರಲ್ಲಿ ಮಾತಿಲ್ಲ. ರಿಫ್ಲೆಕ್ಸಿನಲ್ಲಿ ಮಾತ್ರ ಮಗು ಉಗುಳು ನುಂಗಿದರೂ, ತಲೆ ಅಲುಗಿಸಿದರೂ 0.02 ದಾಟಬಹುದು. ರಿಕಾಪು ಮೂಳೆ ಸೆಟೆಯುವ ರೋಗವಾದ ಓಟೋಸ್ಕ್ಲೆರೋಸಿಸ್‌ನ ಆರಂಭದಲ್ಲಿ ಸದ್ದು ಶುರುವಾದಾಗ ಒಮ್ಮೆ, ನಿಂತಾಗ ಇನ್ನೊಮ್ಮೆ ರೇಖೆ ಚಿಕ್ಕದಾಗಿ ಎದ್ದು, ನಡುವೆ ಸುಮ್ಮನಿರುತ್ತದೆ. ಆಕಾರವೇ ರೋಗದ ಸುಳಿವಾಗಿರುವ ಇಂಥ ಕಿವಿಗೆ, ಅಂಕಿ ಮಾತ್ರ ನೋಡುವ ಯಂತ್ರ ‘ರಿಫ್ಲೆಕ್ಸ್ ಇಲ್ಲ’ ಎಂದು ಅಚ್ಚು ಮಾಡಿ ಮುಂದಿನ ಆವರ್ತನಕ್ಕೆ ಹೋಗಿಬಿಡಬಹುದು.